ಕಿಸುಮು ಬಳಿಯ ಒಂದು ಸೇವಾದಿನ: ಹೊರಡುವವರಿಗೆ ಕೆಲವು ಮಾತು

‘ಸಾ ಮೋಜಾಕ್ಕೆ ಬನ್ನಿ’ ಎಂದು ಸಭಾಪಾಲಕರು ಹೇಳಿದಾಗ ತಂಡದ ಅರ್ಧ ಜನ ಮಧ್ಯಾಹ್ನ ಒಂದು ಗಂಟೆ ಎಂದುಕೊಂಡಿದ್ದರು. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಬೆಳಗಿನ ಆರರಿಂದ ಶುರು. ಸಾ ಮೋಜಾ, ಅಂದರೆ ಮೊದಲನೆಯ ಗಂಟೆ, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಏಳು. ಸಮಯ ಹೇಳಿದವರನ್ನು ‘ಬೆಳಿಗ್ಗೆಯೋ, ಮಧ್ಯಾಹ್ನವೋ’ ಎಂದು ಕೇಳಿಬಿಡಿ. ನಾವು ಕೇಳಿದ್ದರಿಂದ ಏಳಕ್ಕೆ ತಲುಪಿದೆವು. ಅಷ್ಟರಲ್ಲಾಗಲೇ ಚರ್ಚಿನ ಮುಂದಿನ ಮರದ ಕೆಳಗೆ ಜನ ಕಾದು ಕುಳಿತಿದ್ದರು.

ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಕಿಸುಮು ನಗರದಾಚೆಗಿನ ಹಳ್ಳಿಯ ಸಭೆ ಅದು. ಓದುವ ಕನ್ನಡಕ ಹಂಚುವ ಶಿಬಿರ ಬೇಕೆಂದು ಕೇಳಿದವರು ಅಲ್ಲಿನವರೇ. ಇದು ಮುಖ್ಯ. ನಿಮಗೆ ಕೊಡಲು ಇಷ್ಟವಾದದ್ದನ್ನು ಹೊತ್ತುಕೊಂಡು ಹೋಗಬೇಡಿ. ಮೂರು ತಿಂಗಳು ಮೊದಲೇ ಪತ್ರ ಬರೆದು ಅವರಿಗೆ ಏನು ಬೇಕೆಂದು ತಿಳಿದುಕೊಳ್ಳಿ. ತಂಡದಲ್ಲಿ ವೈದ್ಯರಿದ್ದರೆ ಅವರಿಗೆ ಕೀನ್ಯಾದ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ಪರವಾನಗಿ ಬೇಕು. ಸದುದ್ದೇಶವಿದೆ ಎಂಬ ಕಾರಣಕ್ಕೆ ಕಾನೂನನ್ನು ದಾಟುವಂತಿಲ್ಲ.

ಹಳದಿ ಜ್ವರದ ಲಸಿಕೆಯನ್ನು ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು 10 ದಿನಗಳ ನಂತರ. ಅದಿಲ್ಲದೆ ಭಾರತಕ್ಕೆ ಮರಳಿದರೆ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಕಿಸುಮು ಭಾಗದಲ್ಲಿ ಮಲೇರಿಯಾ ಹೆಚ್ಚು. ಅದನ್ನು ತಡೆಯಲು ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರೆ ಹಿಂದಿರುಗಿದ ಮೇಲೂ 4 ವಾರ ನುಂಗಬೇಕು. ಆ ಮಾತ್ರೆಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಹಾಗಾಗಿ ಟೋಪಿ ಮರೆಯಬೇಡಿ. 2017ರ ಆಗಸ್ಟ್‌ನಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ. ಸಾಮಾನುಗಳನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ. ಸರೋವರ ಎಷ್ಟೇ ಕರೆದರೂ ನೀರಿಗೆ ಇಳಿಯಬೇಡಿ, ಬಸವನಹುಳುಗಳ ಮೂಲಕ ಹರಡುವ ಬಿಲ್‌ಹಾರ್ಜಿಯಾ ಎಂಬ ಪರಾವಲಂಬಿ ಹುಳುವಿನ ರೋಗ ಅಲ್ಲಿದೆ.

ಇನ್ನು ಶಿಬಿರದ ವಿಷಯ. ಅಕ್ಷರದ ಫಲಕ ತೋರಿಸಿ ನಂಬರು ನಿರ್ಧರಿಸುವುದು ನಮ್ಮ ಯೋಜನೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ಮೀನುಗಾರರೊಬ್ಬರು ಬಂದರು. ಫಲಕದ ಕಡೆ ನೋಡಲೇ ಇಲ್ಲ. ಜೇಬಿನಿಂದ ಹರಿದ ಬಲೆಯ ತುಂಡೊಂದನ್ನು ತೆಗೆದು ತೊಡೆಯ ಮೇಲೆ ಹರಡಿಕೊಂಡರು. +2.00 ನಂಬರಿನ ಕನ್ನಡಕ ಹಾಕಿದೆವು, ಸಾಲದೆಂದು ತಲೆಯಾಡಿಸಿದರು. +2.50 ಹಾಕಿದ ಮೇಲೆ ಅವರ ಬೆರಳು ಬಲೆಯ ಒಂದೊಂದೇ ಕಣ್ಣನ್ನು ದಾಟುತ್ತಾ ಹೋಗಿ, ತುಂಡಾದ ಕಡೆ ನಿಂತಿತು. ಅಲ್ಲಿಯೇ ದಾರದ ಎರಡು ತುದಿ ಹಿಡಿದು ಗಂಟು ಹಾಕಿದರು, ಹಲ್ಲಿನಿಂದ ಬಿಗಿ ಮಾಡಿದರು. ಹಿಂದೆ ಉದ್ದನೆಯ ಸಾಲಿತ್ತು, ಯಾರೂ ಅವಸರಪಡಿಸಲಿಲ್ಲ. ‘ಎರೋಕಮಾನೋ’ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಲುವೋ ಭಾಷೆಯಲ್ಲಿ ಧನ್ಯವಾದ ಎಂದರ್ಥ. ಆ ಹೊತ್ತಿಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅಂದಿನಿಂದ ನನ್ನ ಸಲಹೆ ಇದು: ಏನು ಕೆಲಸ ಮಾಡುತ್ತೀರಿ ಎಂದು ಮೊದಲು ಕೇಳಿ, ಆ ವಸ್ತುವನ್ನೇ ಕೈಗೆ ಕೊಡಿ, ಅವರು ಅದನ್ನು ಹಿಡಿಯುವ ದೂರಕ್ಕೆ ಕನ್ನಡಕ ಹೊಂದಿಸಿ. ಅಕ್ಕಿ, ಸೂಜಿ, ಸತ್ಯವೇದ, ಏನಾದರೂ ಸರಿ.

ಪ್ರಾರ್ಥನೆ ಬೇಕೆಂದವರೊಂದಿಗೆ ಅಲ್ಲಿನ ಸಭೆಯ ಹಿರಿಯರೇ ಲುವೋದಲ್ಲಿ ಪ್ರಾರ್ಥಿಸಿದರು, ನಾವು ಜೊತೆಗೆ ತಲೆಬಾಗಿಸಿದೆವು. ಪ್ರಾರ್ಥನೆಗೆ ಕುಳಿತವರಿಗೆ ಮಾತ್ರ ಕನ್ನಡಕ ಎಂಬ ಮಾತು ಎಲ್ಲೂ ಬರಕೂಡದು. ಮಕ್ಕಳ ಫೋಟೊ ತೆಗೆಯುವ ಮುನ್ನ ತಾಯಿಯನ್ನು ಕೇಳಿ. ಒಬ್ಬ ತಾಯಿ ಬೇಡ ಎಂದರು, ನಮ್ಮವರು ಮೊಬೈಲ್ ಒಳಗಿಟ್ಟರು.

ಕನ್ನಡಕದಿಂದ ಸರಿಹೋಗದ ಕಣ್ಣುಗಳೂ ಇರುತ್ತವೆ. ಪೊರೆ ಬಂದವರನ್ನು ಯಾವ ಆಸ್ಪತ್ರೆಗೆ ಕಳುಹಿಸುವುದು, ವಾಹನದ ಖರ್ಚು ಯಾರದು ಎಂಬುದು ಹೋಗುವ ಮುನ್ನವೇ ತೀರ್ಮಾನವಾಗಿರಲಿ. ನಾವು ಅದನ್ನು ಅಲ್ಲಿ ಹೋದ ಮೇಲೆ ಯೋಚಿಸಿದೆವು, ಅದು ತಪ್ಪು. ಹಳ್ಳಿಯ ನರ್ಸ್ ತಮ್ಮ ನೋಟುಪುಸ್ತಕದಲ್ಲಿ ಅವರೆಲ್ಲರ ಹೆಸರು ಬರೆದುಕೊಂಡು ಆ ಹೊಣೆ ಹೊತ್ತರು. ಉಳಿದ ಕನ್ನಡಕಗಳನ್ನು ಅವರಿಗೇ ಒಪ್ಪಿಸಿ ಬಂದೆವು. ಹೆಚ್ಚಿನವು +1.00, ಅಷ್ಟಾಗಿ ಯಾರಿಗೂ ಬೇಕಾಗದವು. ಮುಂದಿನ ತಂಡಕ್ಕೆಂದು ಅವರು ಬರೆದುಕೊಟ್ಟ ಚೀಟಿಯಲ್ಲಿ ಮೊದಲಿಗಿದ್ದದ್ದು +2.50.