ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿದೆ. ನೆಲ ಕಾಣಿಸಿತು. ಕಾರಿನ ನೆಲ ಅಲ್ಲ, ನಮ್ಮ ಶೆಡ್ಡಿನ ಮಣ್ಣಿನ ನೆಲ. ಊಟದ ತಟ್ಟೆಯಷ್ಟು ಅಗಲದ ತೂತು. ಸುತ್ತಲಿನ ತಗಡನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಇದು ನಮ್ಮ ದೊಡ್ಡಪ್ಪನ ಕಾರು. 1984ರ ಪ್ರೀಮಿಯರ್ ಪದ್ಮಿನಿ. ತಿಪಟೂರಿನ ಹತ್ತಿರ ನಮ್ಮ ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ 19 ವರ್ಷ ನಿಂತಿತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅಲ್ಲಿಗೆ ಯಾರೂ ಸುಮ್ನೆ ಹೋಗುವುದಿಲ್ಲ. ಹಾಗಾಗಿ ಕಾರಿನ ಮೇಲೆ ಧೂಳು, ನಾರು ಬಿತ್ತೇ ಹೊರತು ಅದನ್ನು ಮುಟ್ಟಿದವರಿಲ್ಲ.

ಊರಲ್ಲಿ ಇದನ್ನು ಯಾರೂ ಪದ್ಮಿನಿ ಅಂತ ಕರೆದಿದ್ದಿಲ್ಲ. ಫಿಯಟ್ ಅಂತಲೇ. ಅದೇನೂ ತಪ್ಪಲ್ಲ. 1964ರಲ್ಲಿ ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಇದನ್ನು ಮಾಡಲು ಶುರು ಮಾಡಿದಾಗ ಹೆಸರು ಫಿಯಟ್ 1100 ಡಿಲೈಟ್. ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಿಂದ ಪದ್ಮಿನಿ. ಹೆಸರು ಬದಲಾದರೂ ಒಳಗಿನ 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್, ಮುಂದೆಯೂ ಉದ್ದನೆ ಸೀಟು, ಎಲ್ಲ ಅದೇ.

2023ರ ಅಕ್ಟೋಬರ್ ಕೊನೆಯಲ್ಲಿ ಒಂದು ಸುದ್ದಿ ಬಂತು. 2003ರ ಅಕ್ಟೋಬರ್ 29ಕ್ಕೆ ನೋಂದಣಿಯಾಗಿದ್ದ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿತು, ಇನ್ನು ಆ ಊರಿನ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ ಅಂತ. ಓದಿ ಮನಸ್ಸಿಗೆ ಒಂಥರಾ ಆಯಿತು. ಅವತ್ತು ಸಂಜೆಯೇ ಟಾರ್ಚ್ ಹಿಡಿದು ಅಟ್ಟದ ಕೆಳಗೆ ಹೋದೆ.

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ದುಡ್ಡು ಎಷ್ಟಿದೆ ಅಂತ ನೋಡದೆ ಕೈ ಹಾಕಿದವನಲ್ಲ. 75 ಸಾವಿರ, ಅದೂ ಒಂದೂವರೆ ವರ್ಷದಲ್ಲಿ, ಅಂತ ಗೆರೆ ಎಳೆದುಕೊಂಡೆ. ದೊಡ್ಡಪ್ಪನಿಗೆ ಈಗ 83. ಜಗಲಿ ಮೇಲಿನ ಕುರ್ಚಿಯಲ್ಲಿ ಕೂತೇ ಎಲ್ಲ ಕೇಳಿಸಿಕೊಂಡರು. ಬಣ್ಣ ಹೊಡೆಸಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಲ್ವಾ ದೊಡ್ಡಪ್ಪ ಅಂದೆ. ಅವರು ಅಂದರು: "ಓಡ್ತೈತೋ ಇಲ್ವೋ ಆಮೇಲ್ ನೋಡು. ಮೊದ್ಲು ನಿಲ್ತೈತಾ ನೋಡ್ಕಳಪ್ಪ."

ಆ ಮಾತನ್ನೇ ಕಾರಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ. ದುಡ್ಡು ಕಮ್ಮಿ ಇದ್ದಾಗ ಯಾವುದು ಮೊದಲು ಅನ್ನುವುದೇ ದೊಡ್ಡ ಪ್ರಶ್ನೆ. ಹಳೇ ಕಾರು ತಂದವರು ಎಷ್ಟೋ ಜನ ಮೊದಲು ಪೇಂಟಿಗೆ ಹೋಗುತ್ತಾರೆ, ಬ್ರೇಕಿಗೆ ಬರುವ ಹೊತ್ತಿಗೆ ಕೈ ಖಾಲಿ. ನಮ್ಮ ಕಾರಿನಲ್ಲಿ ಬಣ್ಣಕ್ಕೆ ಕೊನೆಯ ಜಾಗ ಅಂತ ತೀರ್ಮಾನ ಮಾಡಿದೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿದೆ. 1999ಕ್ಕೆ 15 ವರ್ಷ ತುಂಬಿ, ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಆಗಿತ್ತು. 2004ಕ್ಕೆ ಅದೂ ಮುಗಿದಿತ್ತು. 2021ರಲ್ಲಿ ಬಂದ ವಿಂಟೇಜ್ ನೋಂದಣಿ 50 ವರ್ಷ ದಾಟಿದ ಗಾಡಿಗೆ ಮಾತ್ರ, ನಮ್ಮದಕ್ಕೆ ಆಗದು. ಮಾಮೂಲಿ ರಿನ್ಯೂವಲ್ಲೇ ಗತಿ. ನಾನು ಕಟ್ಟಿದಾಗ ಫೀ 5,000 ಇತ್ತು, ಮೇಲೆ ತಡವಾದ ದಂಡ, ಗ್ರೀನ್ ಟ್ಯಾಕ್ಸ್. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಆ ಫೀ 10,000 ಆಗಿದೆ. ಯಾರಾದರೂ ಹಳೇ ಕಾರು ಅಗ್ಗಕ್ಕೆ ಸಿಗ್ತಿದೆ ಅಂದರೆ ಮೊದಲು ಆರ್‌ಸಿ ಕೇಳಿ, ಬಾನೆಟ್ ಆಮೇಲೆ ಎತ್ತಿ.

ಎಂಜಿನ್ ಜಾಮ್ ಆಗಿತ್ತು. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸ್ವಲ್ಪ ಸುರಿದೆ. ದಿನಾ ಸಂಜೆ ಮಂಡಿಯಿಂದ ಬಂದು ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ತಳ್ಳುವುದು. ಜೋರು ಮಾಡಬಾರದು, ಒಳಗಿನ ಪಿಸ್ಟನ್ ರಿಂಗ್ ಮುರಿಯುತ್ತದೆ. ಒಂಬತ್ತನೇ ದಿನ ಫ್ಯಾನ್ ಎಲೆ ಒಂದು ಬೆರಳಿನಷ್ಟು ಅಲುಗಿತು. ಅಷ್ಟೇ. ಮತ್ತೆ ತಳ್ಳಿದೆ, ಇನ್ನೊಂದು ಬೆರಳು. ಆ ರಾತ್ರಿ ಊಟ ಮಾಡುವಾಗಲೂ ಕೈ ಪೂರ್ತಿ ಡೀಸೆಲ್ ವಾಸನೆ.

ತೂತಾದ ನೆಲಕ್ಕೆ ಟಿಂಕರಿಂಗ್ ಮೇಸ್ತ್ರಿಯನ್ನು ಮನೆಗೇ ಕರೆಸಿದೆ. ವೆಲ್ಡಿಂಗ್ ನನಗೆ ಬರುವುದಿಲ್ಲ, ಅದನ್ನು ಕಲಿಯುವ ಜಾಗವೂ ಇದಲ್ಲ. ಆದರೆ ಅವರ ಸಮಯ ಉಳಿಸುವ ಗಲೀಜು ಕೆಲಸ ಎಲ್ಲ ನಾನೇ ಮಾಡಿದೆ. ಸೀಟು, ಮ್ಯಾಟ್, ವೈರ್ ಬಿಚ್ಚಿದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆ. ಗ್ರೈಂಡರಿಗೆ ವೈರ್ ಬ್ರಶ್ ಹಾಕಿ ಗಟ್ಟಿ ತಗಡು ಸಿಗುವ ತನಕ ತುಕ್ಕು ಉಜ್ಜಿದೆ. ಆಸ್ಪತ್ರೆ ಕ್ಯಾಲೆಂಡರಿನ ದಪ್ಪ ಕಾಗದ ಕತ್ತರಿಸಿ ಪ್ಯಾಚ್‌ಗಳ ಅಳತೆಯನ್ನೂ ತೆಗೆದಿಟ್ಟೆ. ಮೇಸ್ತ್ರಿ ನಾಲ್ಕು ದಿನ ಅಂದಿದ್ದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು. ಅವರು ಹೋದ ಮೇಲೆ ಎರಡು ಕೈ ರೆಡ್ ಆಕ್ಸೈಡ್.

ಇನ್ನು ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್. ನಮ್ಮದರಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ಲೈನು. ಎಲ್ಲೇ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋದ ಹಾಗೆ. ಅದಕ್ಕೇ ಇಲ್ಲಿ ಹಳೇದನ್ನು ತೊಳೆದು ಹಾಕುವ ಉಳಿತಾಯ ಬೇಡ ಅಂತ ಹೊಸ ರಬ್ಬರ್ ಕಿಟ್, ಹೊಸ ಹೋಸ್ ಪೈಪ್ ತರಲು ಬೆಂಗಳೂರಿಗೆ ಹೋದೆ. ಬೆಳಗಿನ ರೈಲು, ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ, ಶಿವಾಜಿನಗರದ ಗುಜರಿಯಲ್ಲಿ ಇನ್ನರ್ಧ ದಿನ. ಹಳೇ ಪಾರ್ಟನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಒಯ್ಯಬೇಕು. ಬಾಯಲ್ಲಿ ಹೇಳಿದರೆ ಬೇರೆಯದೇ ಕೊಡುತ್ತಾರೆ. ಒಂದು ಅಂಗಡಿಯಲ್ಲಿ ಕಾರ್ಬೊರೇಟರ್ ಕಿಟ್ ಹಾಗೇ ನಂಬಿ ತಂದೆ, ನಮ್ಮ ಸೊಲೆಕ್ಸ್ ಕಾರ್ಬೊರೇಟರಿಗೆ ಕೂರಲಿಲ್ಲ. 650 ರೂಪಾಯಿ ಹೋಯಿತು.

ಕಿಟ್ ಹಾಕುವಾಗ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಆ ಆಯಿಲಿನ ಒತ್ತಡದಿಂದ ಚಕ್ರದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸರಿಯಾಗಿ ಒರೆಸದೆ ಹೊಸ ರಬ್ಬರ್ ಹಾಕಿಬಿಟ್ಟೆ. ಎರಡು ವಾರ ಬಿಟ್ಟು ನೋಡಿದರೆ ಹಿಂದಿನ ಎರಡು ಚಕ್ರ ಹಿಡಿದುಕೊಂಡಿದ್ದವು. ಬಿಚ್ಚಿದೆ. ರಬ್ಬರ್ ನೆನೆಸಿದ ಕಡಲೆ ಹಾಗೆ ಉಬ್ಬಿತ್ತು. ಬ್ರೇಕಿನ ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಯಾವುದೂ ಸೋಕಬಾರದು. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಇದು ರಸ್ತೆಯಲ್ಲಿ ಆಗಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತದೆ. ಮತ್ತೆ ಕಿಟ್, ಮತ್ತೆ ರೈಲು.

ಬ್ರೇಕ್ ಲೈನಿನಲ್ಲಿ ಸೇರಿದ ಏರ್ ತೆಗೆಯಲು ಮಗಳು ಬಂದಳು. ಪಿಯುಸಿ ಪರೀಕ್ಷೆ ಮುಗಿದಿತ್ತು. ಅವಳು ಪೆಡಲ್ ಹತ್ತಿರ, ನಾನು ಕಾರಿನ ಕೆಳಗೆ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಹಿಂದಿನ ಎಡ ಚಕ್ರದಿಂದ ಶುರು. ಗಾಳಿ ಬಿಡುವ ನಿಪ್ಪಲಿಗೆ ಡ್ರಿಪ್ಸ್ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬ್ರೇಕ್ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಿದೆ.

"ಒತ್ತು."

"ಒತ್ತಿದೀನಿ ಅಪ್ಪಾ."

"ಹಿಡ್ಕೋ." ನಿಪ್ಪಲ್ ಸಡಿಲ ಮಾಡಿದರೆ ಬುಳಬುಳ ಗುಳ್ಳೆ. ಬಿಗಿ ಮಾಡಿ, "ಬಿಡು."

ಹೀಗೆ ನಾಲ್ಕು ಚಕ್ರಕ್ಕೂ. ಪೈಪಿನಲ್ಲಿ ಮೊದಲು ಸಾಬೂನಿನ ನೊರೆಯ ಥರ ಬಂತು. ಆಮೇಲೆ ಸಾಸಿವೆಯಷ್ಟು ಗುಳ್ಳೆ. ಆಮೇಲೆ ಗಸಗಸೆಯಷ್ಟು. ಕೊನೆಗೆ ಬರೀ ಜೇನಿನ ಬಣ್ಣದ ಆಯಿಲ್. ಮಧ್ಯೆ ಮಧ್ಯೆ ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಎರಡೂವರೆ ಗಂಟೆ ಆದ ಮೇಲೆ ಮೇಲಿಂದ ಮಗಳ ದನಿ: "ಅಪ್ಪಾ, ಕಲ್ಲಾಯ್ತು!" ಆ ಪೆಡಲ್ ನನ್ನ ಕಾಲಿಗೂ ಕಲ್ಲಿನ ಹಾಗೆ ಸಿಕ್ಕಾಗ ಆದ ಖುಷಿ ಎಂಜಿನ್ ಶುರುವಾದ ದಿನವೂ ಆಗಲಿಲ್ಲ.

ಟ್ಯಾಂಕಿನ ಒಳಗೆ ತುಕ್ಕು. ಎರಡು ಹಿಡಿ ಜಲ್ಲಿ ಹಾಕಿ ಕುಲುಕಿ, ಸಿಟ್ರಿಕ್ ಆಸಿಡ್ ಕರಗಿಸಿದ ನೀರು ತುಂಬಿ ಎರಡು ದಿನ ಇಟ್ಟೆ. ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು. ಅದು ಹಳೇ ರಬ್ಬರನ್ನು ಕೆಡಿಸುತ್ತದೆ, ಟ್ಯಾಂಕಿನ ಕೊಳೆಯನ್ನೂ ಎಬ್ಬಿಸಿ ಕಾರ್ಬೊರೇಟರಿಗೆ ಕಳಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥದ್ದೇ ಹಾಕಿ, ಮಧ್ಯೆ ಒಂದು ಫಿಲ್ಟರ್ ಕೂರಿಸಿದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ರಬ್ಬರ್ ಪೊರೆ (ಡಯಾಫ್ರಮ್) ಕೂಡ ಹೊಸದು.

ಸೀಟಿನ ಒಳಗೆ ಇಲಿ ಸಂಸಾರ ಮಾಡಿತ್ತು. ಸ್ಪ್ರಿಂಗ್ ಗಟ್ಟಿ ಇದ್ದವು. ಮೇಲೆ ತೆಂಗಿನ ನಾರು ತುಂಬಿಸಿದೆ. ನಮ್ಮ ಊರಲ್ಲಿ ನಾರಿಗೆ ಬರವೇ?

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಚೋಕ್ ಎಳೆದು ಸೆಲ್ಫ್ ಹೊಡೆದೆ. ಐದನೇ ಸಲಕ್ಕೆ ಹತ್ತಿಕೊಂಡಿತು. ಶೆಡ್ಡು ತುಂಬ ಬಿಳಿ ಹೊಗೆ, ಡೀಸೆಲ್ ಸುಟ್ಟ ವಾಸನೆ. ಜಗಲಿಯಿಂದ ದೊಡ್ಡಪ್ಪ ಕೂಗಿದರು: "ಒಂದು ಮಿಸ್ ಹೊಡೀತೈತೆ, ನಾಕನೇದು ನೋಡು!" ನಿಜ. ನಾಲ್ಕನೇ ಪ್ಲಗ್ಗಿನ ಕ್ಯಾಪ್ ಸರಿಯಾಗಿ ಕೂರದೆ ಆ ಸಿಲಿಂಡರ್ ಹೊತ್ತಿಕೊಳ್ಳುತ್ತಿರಲಿಲ್ಲ.

ಪುಸ್ತಕದಲ್ಲಿ ಒಟ್ಟು 81,340 ಆಗಿದೆ. ಗೆರೆ ದಾಟಿತು, ಆದರೆ ದಾಟಿದ್ದು ಎರಡನೇ ಬ್ರೇಕ್ ಕಿಟ್ಟು ಮತ್ತು ಟೈರುಗಳಿಗೆ. ಅದಕ್ಕೆ ಬೇಜಾರಿಲ್ಲ. ಬಣ್ಣ ಹಾಗೇ ಇದೆ. ಮೂಲ ಬಿಳಿ, ಎಡಗಡೆ ಬಾಗಿಲಿನ ಮೇಲೆ ಕಾಯಿ ಬಿದ್ದ ಗುಳಿ, ಮಡ್‌ಗಾರ್ಡ್ ಮೇಲೆ ಬ್ರೇಕ್ ಆಯಿಲ್ ಚೆಲ್ಲಿ ಎದ್ದ ಪೊರೆ.

ಆರ್‌ಸಿ ಕೈಗೆ ಬಂದ ದಿನ ದೊಡ್ಡಪ್ಪನನ್ನು ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದೆ. ಡ್ರೈವರ್ ಸೀಟಿನಲ್ಲಿ ಕೂತರು. ಸ್ಟೀರಿಂಗ್ ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬ್ರೇಕ್ ಪೆಡಲನ್ನು ಮೂರು ಸಲ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ "ಕೀ ಕೊಡು" ಅಂದರು. ನಾನು ಪಕ್ಕದಲ್ಲಿ ಕೂತೆ. ತೋಟದ ಗೇಟಿನ ತನಕ ಹೋಗಿ, ಅಲ್ಲಿ ತಿರುಗಿಸಲು ಜಾಗವಿಲ್ಲ ಅಂತ, ಅಷ್ಟೂ ದೂರ ರಿವರ್ಸ್‌ನಲ್ಲೇ ವಾಪಸ್ ತಂದು ನಿಲ್ಲಿಸಿದರು.