ಕಲಾಂ ಒಳ್ಳೆಯ ರಾಷ್ಟ್ರಪತಿ ಹೌದಾ, ಅಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸರ್, ಒಂದೇ ಮಾತಲ್ಲಿ ಹೇಳಿ. ಕಲಾಂ ಒಳ್ಳೆ ರಾಷ್ಟ್ರಪತಿ ಹೌದಾ, ಅಲ್ವಾ?"

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಈ ಪ್ರಶ್ನೆ ಕೇಳಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಡಾಕ್ಟರ ಹತ್ತಿರ ಟೋಕನ್ ಹಿಡಿದು ಕೂತಿದ್ದಾಗಲೂ ಕೇಳಿದ್ದಾರೆ. ಕೊಡಗಿನ ಒಂದು ಪಿಯು ಕಾಲೇಜಿನಲ್ಲಿ ನಾನು ಬಹಳ ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ಕೇಳುವವರು ಹೆಚ್ಚಾಗಿ ನನ್ನ ಹಳೆಯ ವಿದ್ಯಾರ್ಥಿಗಳೇ. ಕಲಾಂ ಹಾಕಿದ ಒಂದು ಸಹಿ ತಪ್ಪು ಅಂತ ನಾನು ತರಗತಿಯಲ್ಲಿ ಹೇಳಿದ್ದನ್ನು ಅವರು ಇನ್ನೂ ಮರೆತಿಲ್ಲ. ಕೆಲವರಿಗೆ ಆಗ ತುಂಬಾ ಬೇಜಾರಾಗಿತ್ತು. ಕೆಲವರು ಮನೆಗೆ ಹೋಗಿ ಅಪ್ಪನ ಹತ್ತಿರ ಹೇಳಿ, ಮಾರನೇ ದಿನ ಅಪ್ಪನ ಪ್ರಶ್ನೆಯನ್ನೂ ಹೊತ್ತು ತಂದಿದ್ದರು: "ನಿಮ್ಮ ಮೇಷ್ಟ್ರು ಯಾವ ಪಾರ್ಟಿ?"

ಮೊದಲು ಒಂದು ದಿನದ ವಿಷಯ ಹೇಳಬೇಕು. 2015ರ ಜುಲೈ 27, ಸೋಮವಾರ. ಜುಲೈ ಮಳೆ ಅಂದರೆ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕರೆಂಟು ಹೋಗಿತ್ತು. ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಲೇ ಕಲಾಂ ಕುಸಿದು ಬಿದ್ದು ತೀರಿಕೊಂಡರು ಅನ್ನುವ ಸುದ್ದಿ ಮೊಬೈಲಿನಲ್ಲಿ ಬಂತು. ಮಾರನೇ ದಿನ ಕಾಲೇಜಿಗೆ ಹೋದರೆ ಜಗಲಿಯ ತುಂಬಾ ಒದ್ದೆ ಕೊಡೆಗಳು. ಒಂದು ಬೆಂಚು, ಅದರ ಮೇಲೆ ಪೇಪರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ ಫೋಟೋ, ಮುಂದೆ ಯಾರದೋ ಮನೆಯಂಗಳದ ಡೇಲಿಯಾ ಹೂಗಳು. ಆ ಹವೆಗೆ ಗೋಂದು ಒಣಗಿರಲಿಲ್ಲ. ಫೋಟೋದ ಒಂದು ಮೂಲೆ ಮತ್ತೆ ಮತ್ತೆ ಎದ್ದು ಬರುತ್ತಿತ್ತು. ಮೊದಲ ವರ್ಷದ ಹುಡುಗಿಯೊಬ್ಬಳು ಆ ಮೂಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಮೌನಾಚರಣೆ ಮುಗಿಯುವವರೆಗೂ ಹಾಗೇ ನಿಂತಿದ್ದಳು. ಬೇರೆ ಯಾವ ರಾಷ್ಟ್ರಪತಿ ತೀರಿಕೊಂಡಾಗಲೂ ನಮ್ಮ ಕಾಲೇಜಿನಲ್ಲಿ ಇಂಥದ್ದನ್ನು ನಾನು ನೋಡಿಲ್ಲ.

ಆ ಪ್ರೀತಿ ನಿಜವಾದದ್ದು. ನನಗೂ ಅದು ಇದೆ. ರಾಮೇಶ್ವರದ ಮನೆ, ರಾಕೆಟ್, ಮಕ್ಕಳ ಜೊತೆಗಿನ ಮಾತು, ರಾಷ್ಟ್ರಪತಿ ಭವನದ ಗೇಟನ್ನು ಜನರಿಗೆ ತೆರೆದ ರೀತಿ, ಇದರಲ್ಲಿ ಯಾವುದನ್ನೂ ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಪ್ರಶ್ನೆ ಒಳ್ಳೆಯ ಮನುಷ್ಯರಾ ಅಂತ ಅಲ್ಲವಲ್ಲ. ಒಳ್ಳೆಯ ರಾಷ್ಟ್ರಪತಿಯಾ ಅಂತ. 2002ರ ಜುಲೈಯಿಂದ 2007ರ ಜುಲೈವರೆಗೆ ಆ ಮೇಜಿನ ಮೇಲೆ ಬಂದ ಕಾಗದಗಳನ್ನು ಅವರು ಏನು ಮಾಡಿದರು ಅಂತ ನೋಡದೆ ಇದಕ್ಕೆ ಉತ್ತರ ಹೇಳೋಕಾಗಲ್ಲ.

"ರಾಷ್ಟ್ರಪತಿ ಕೈಯಲ್ಲಿ ಏನಿದೆ ಸರ್, ಅವರು ರಬ್ಬರ್ ಸ್ಟಾಂಪ್ ಅಲ್ವಾ?" ಅನ್ನುತ್ತಾರೆ. ಕೊಡಗಿನವರು ಈ ಮಾತು ಹೇಳಬಾರದು ಅಂತ ನನಗೆ ಅನಿಸುತ್ತದೆ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆ ರಾಜ್ಯವಾಗಿತ್ತು. 'ಸಿ' ದರ್ಜೆಯ ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು ನಿಜ, ಆದರೆ ಸಂವಿಧಾನದ ಪ್ರಕಾರ ಈ ನಾಡಿನ ಆಡಳಿತ ನಡೆಯುತ್ತಿದ್ದದ್ದು ರಾಷ್ಟ್ರಪತಿಯ ಹೆಸರಿನಲ್ಲಿ, ಅವರು ನೇಮಿಸಿದ ಚೀಫ್ ಕಮಿಷನರ್ ಮೂಲಕ. ಇನ್ನು ಸೇನೆಯ ವಿಷಯ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಿಲಿಟರಿಯವರಿಲ್ಲ ಹೇಳಿ. ಮೂರೂ ಪಡೆಗಳ ಮಹಾದಂಡನಾಯಕ ಅವರೇ. ಮಡಿಕೇರಿಯ ಸನ್ನಿಸೈಡ್, ಜನರಲ್ ತಿಮ್ಮಯ್ಯನವರ ಮನೆ, ಎಷ್ಟೋ ವರ್ಷ ಆರ್‌ಟಿಒ ಆಫೀಸಾಗಿ ಇತ್ತು. ಅದು ಮ್ಯೂಸಿಯಂ ಆದಾಗ 2021ರ ಫೆಬ್ರವರಿ 6ರಂದು ಉದ್ಘಾಟನೆಗೆ ಬಂದವರು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್. ಅವತ್ತು ನಮ್ಮ ಪಕ್ಕದ ತೋಟದ ನಿವೃತ್ತ ಹವಾಲ್ದಾರರು ಕಾಫಿ ಕಣದ ಕೆಲಸ ಬಿಟ್ಟು, ಹಳೆಯ ಮೆಡಲುಗಳನ್ನು ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. ಅವರಿಗೆ ಅದು ರಬ್ಬರ್ ಸ್ಟಾಂಪ್ ಆಗಿರಲಿಲ್ಲ.

ರಾಷ್ಟ್ರಪತಿಯ ಅಧಿಕಾರ ಸಣ್ಣದು ಅನ್ನುವುದನ್ನು ಒಪ್ಪುತ್ತೇನೆ. ಸಣ್ಣದು, ಆದರೆ ಇದೆ. ಅದು ಹೇಗೆ ಬಂತು ಅನ್ನುವುದನ್ನು ನಾನು ಪ್ರತಿ ವರ್ಷ ಒಂದು ಇಡೀ ಪೀರಿಯಡ್ ತೆಗೆದುಕೊಂಡು ಹೇಳುತ್ತಿದ್ದೆ.

1975ರ ಜೂನ್ 25ರ ರಾತ್ರಿ ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಆದೇಶಕ್ಕೆ ಸಹಿ ಹಾಕಿದರು. ಮಂತ್ರಿಮಂಡಲ ಇನ್ನೂ ಸೇರಿಯೇ ಇರಲಿಲ್ಲ. ಮಂತ್ರಿಗಳಿಗೆ ವಿಷಯ ಗೊತ್ತಾದದ್ದು ಮಾರನೇ ದಿನ ಬೆಳಗಿನ ಸಭೆಯಲ್ಲಿ. ಆ ರಾತ್ರಿ ಅವರು "ಮಂತ್ರಿಮಂಡಲ ಸೇರಲಿ, ಆಮೇಲೆ ಕಳಿಸಿ" ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. 1977ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಇವತ್ತಿಗೂ ಅವರ ಹೆಸರು ಬಂದರೆ ಜನಕ್ಕೆ ನೆನಪಾಗುವುದು ಆ ಒಂದು ಸಹಿ ಮಾತ್ರ.

ಆ ರಾತ್ರಿಯ ಪಾಠದಿಂದಲೇ 1978ರಲ್ಲಿ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿ ಹೇರಬೇಕಾದರೆ ಮಂತ್ರಿಮಂಡಲದ ತೀರ್ಮಾನ ಬರವಣಿಗೆಯಲ್ಲಿ ಇರಲೇಬೇಕು ಅಂತಾಯಿತು. ಅದರ ಜೊತೆಗೇ ಇನ್ನೊಂದು ಸಾಲು ಸೇರಿತು. ಮಂತ್ರಿಮಂಡಲದ ಸಲಹೆಯನ್ನು ರಾಷ್ಟ್ರಪತಿ ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಎರಡನೇ ಸಲ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಒಂದೇ ಒಂದು ಸಲ! ಇಷ್ಟರಲ್ಲಿ ಏನು ಆಗುತ್ತದೆ ಅಂತ ಹುಡುಗರು ಕೇಳುತ್ತಿದ್ದರು. ಆಗ ನಾನು ಕಲಾಂ ಅವರಿಗಿಂತ ಮುಂಚೆ ರಾಷ್ಟ್ರಪತಿ ಆಗಿದ್ದ ಕೆ.ಆರ್. ನಾರಾಯಣನ್ ಅವರ ಕಥೆ ಹೇಳುತ್ತಿದ್ದೆ.

1997ರ ಅಕ್ಟೋಬರ್‌ನಲ್ಲಿ ಗುಜ್ರಾಲ್ ಸರ್ಕಾರ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಿ ಅಂತ ಸಲಹೆ ಕಳಿಸಿತು. ನಾರಾಯಣನ್ ವಾಪಸ್ ಕಳಿಸಿದರು. ಸರ್ಕಾರ ಆ ಪ್ರಯತ್ನವನ್ನೇ ಕೈಬಿಟ್ಟಿತು. 1998ರ ಸೆಪ್ಟೆಂಬರ್‌ನಲ್ಲಿ ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿ ಸರ್ಕಾರದ ಮೇಲೆ ಅದೇ ಸಲಹೆ ಕಳಿಸಿತು. ಅದನ್ನೂ ವಾಪಸ್ ಕಳಿಸಿದರು. ಒಂದು ಸಲ ಉಳಿದದ್ದು ಬಿಜೆಪಿ ಸರ್ಕಾರ, ಇನ್ನೊಂದು ಸಲ ಉಳಿದದ್ದು ಅವರ ವಿರೋಧಿಗಳ ಸರ್ಕಾರ. ಯಾವ ಪಾರ್ಟಿ ಅಂತ ನೋಡಲಿಲ್ಲ. ಒಂದು ವಾಪಸಾತಿ, ಅದರ ಜೊತೆ ನಾಲ್ಕು ಕಾರಣ. ಇಡೀ ದೇಶ ಆ ಕಾರಣಗಳನ್ನು ಓದಿತು. ಅಷ್ಟೇ ಸಾಕಾಯಿತು.

ಈಗ ಕಲಾಂ ಅವರ ಆ ಸಹಿಗೆ ಬರೋಣ. 2005ರ ಫೆಬ್ರವರಿಯ ಬಿಹಾರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು. ಗೆದ್ದ ಶಾಸಕರು ವಿಧಾನಸಭೆಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಮೇ ತಿಂಗಳಲ್ಲಿ, ಶಾಸಕರ ಖರೀದಿ ನಡೆಯುತ್ತಿದೆ ಅಂತ ರಾಜ್ಯಪಾಲ ಬೂಟಾ ಸಿಂಗ್ ವರದಿ ಕಳಿಸಿದರು. ಮೇ 22ರ ರಾತ್ರಿ ಮಂತ್ರಿಮಂಡಲ ಸೇರಿ ವಿಧಾನಸಭೆಯನ್ನೇ ವಿಸರ್ಜನೆ ಮಾಡಲು ತೀರ್ಮಾನಿಸಿತು. ಕಲಾಂ ಆಗ ಮಾಸ್ಕೋದಲ್ಲಿದ್ದರು. ಕಾಗದ ಫ್ಯಾಕ್ಸ್‌ನಲ್ಲಿ ಹೋಯಿತು. ಬೆಳಗಾಗುವುದರೊಳಗೆ ಸಹಿಯಾಗಿ ವಾಪಸ್ ಬಂತು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಆ ವಿಸರ್ಜನೆ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಅಷ್ಟರಲ್ಲಿ ಹೊಸ ಚುನಾವಣೆ ಶುರುವಾಗಿತ್ತು, ಹಾಗಾಗಿ ಹಳೆಯ ಸಭೆಗೆ ಜೀವ ಬರಲಿಲ್ಲ.

ತೀರ್ಪು ಮುಖ್ಯವಾಗಿ ದೂರಿದ್ದು ರಾಜ್ಯಪಾಲರನ್ನು. ಹಾಗಂತ ಕಲಾಂ ಅವರ ಪಾಲು ಇಲ್ಲವಾಗುವುದಿಲ್ಲ. ನಾರಾಯಣನ್ ಎರಡು ಸಲ ಬಳಸಿದ ಅದೇ ಅಧಿಕಾರ ಇವರ ಕೈಯಲ್ಲೂ ಇತ್ತು. ಅಂಥಾ ಅವಸರ ಏನಿತ್ತು? ಬೆಂಕಿ ಬಿದ್ದಿರಲಿಲ್ಲ, ಯುದ್ಧ ಬಂದಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಸಹಿ ಕೇಳಿಕೊಂಡು ಕಾಗದ ಬಂದರೆ ಅಲ್ಲೇ ಅನುಮಾನ ಬರಬೇಕು. 1975ರ ರಾತ್ರಿ ಗೊತ್ತಿದ್ದವರಿಗೆ ಇನ್ನೂ ಜಾಸ್ತಿ ಬರಬೇಕು.

ಆ ತೀರ್ಪು ಕಲಾಂ ಅವರನ್ನು ಒಳಗಿಂದ ಕೊರೆದಿತ್ತು. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ, ಪ್ರಧಾನಿ ಮನಮೋಹನ್ ಸಿಂಗ್ ಕೇಳಿಕೊಂಡಿದ್ದರಿಂದ ಕೊಡಲಿಲ್ಲ ಅಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಇನ್ನೊಂದು ವಿಷಯ. ಸಂಸತ್ತು ಪಾಸು ಮಾಡಿದ 'ಲಾಭದಾಯಕ ಹುದ್ದೆ' ಮಸೂದೆಯನ್ನು ಅವರು 2006ರ ಮೇ 30ರಂದು ವಾಪಸ್ ಕಳಿಸಿದರು. ಎಂಪಿಗಳು ಯಾವ ಯಾವ ಹುದ್ದೆಯಲ್ಲಿ ಇರಬಹುದು ಅನ್ನುವ ಮಸೂದೆ ಅದು. ಎಲ್ಲರಿಗೂ ಒಂದೇ ಅಳತೆ ಇರಲಿ, ಹಿಂದಿನ ದಿನಗಳಿಗೂ ಅನ್ವಯಿಸುವುದು ಸರಿಯಾ ನೋಡಿ ಅಂತ ಕೇಳಿದರು. ಸಂಸತ್ತು ಏನೂ ಬದಲಿಸದೆ ಮತ್ತೆ ಕಳಿಸಿತು. ಆಗಸ್ಟ್‌ನಲ್ಲಿ ಸಹಿ ಹಾಕಿದರು, ಹಾಕಲೇಬೇಕಿತ್ತು. ಮಾಸ್ಕೋದಲ್ಲಿ ಕೇಳದ ಪ್ರಶ್ನೆಯನ್ನು ಒಂದು ವರ್ಷದ ಮೇಲೆ ದೆಹಲಿಯಲ್ಲಿ ಕೇಳಿದರು ಅಂತ ನಾನು ಅಂದುಕೊಂಡಿದ್ದೇನೆ. ಇದು ನನ್ನ ಊಹೆ, ಆದರೆ ಬಿಡಲು ಮನಸ್ಸಿಲ್ಲದ ಊಹೆ.

ಬಿಹಾರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕ್ಷಮಾದಾನದ ಅರ್ಜಿಗಳು. ಇದರ ಬಗ್ಗೆ ಯಾರೂ ಸಂತೆಯಲ್ಲಿ ಕೇಳುವುದಿಲ್ಲ. ಗಲ್ಲು ಶಿಕ್ಷೆಯಾದವರ ಅರ್ಜಿಗಳಲ್ಲಿ ಕಲಾಂ ಐದು ವರ್ಷದಲ್ಲಿ ತೀರ್ಮಾನ ಮಾಡಿದ್ದು ಎರಡನ್ನು. ಒಂದನ್ನು ತಳ್ಳಿಹಾಕಿದರು, ಒಂದರಲ್ಲಿ ಶಿಕ್ಷೆ ಇಳಿಸಿದರು. ಉಳಿದವು ಹಾಗೇ ಉಳಿದವು. ಆ ಕೆಲಸ ಅವರಿಗೆ ಎಷ್ಟು ಕಷ್ಟವಾಗಿತ್ತು, ಶಿಕ್ಷೆಯಾದವರಲ್ಲಿ ಬಡವರೇ ಎಷ್ಟು ಇದ್ದರು ಅಂತ ಅವರೇ ಹೇಳಿದ್ದಾರೆ. ಫೈಲು ಗೃಹ ಇಲಾಖೆಯ ಮೂಲಕವೇ ಓಡಾಡಬೇಕು, ತಡವಾದರೆ ರಾಷ್ಟ್ರಪತಿಯೊಬ್ಬರದೇ ತಪ್ಪಲ್ಲ. ಇದೆಲ್ಲ ಸರಿ.

ಆದರೆ ಪಾಲಾರ್ ನೆನಪು ಮಾಡಿಕೊಳ್ಳಿ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ತಮಿಳುನಾಡಿಗೆ ದಾಟುವ ಕಡೆಯ ಕಾಡು ಅದು. 1993ರ ಏಪ್ರಿಲ್ 9ರಂದು ವೀರಪ್ಪನ್ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಅವರ ಕ್ಷಮೆ ಅರ್ಜಿ ಕಲಾಂ ಕಾಲ ದಾಟಿತು, ಪ್ರತಿಭಾ ಪಾಟೀಲ್ ಕಾಲ ದಾಟಿತು. 2013ರ ಫೆಬ್ರವರಿಯಲ್ಲಿ ಪ್ರಣಬ್ ಮುಖರ್ಜಿ ತಳ್ಳಿಹಾಕಿದರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್, ಇಷ್ಟು ವರ್ಷ ಕಾಯಿಸಿದ್ದೇ ಒಂದು ಹಿಂಸೆ ಅಂತ ಹೇಳಿ ಆ ನಾಲ್ವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಗಲ್ಲು ಬೇಕು ಅನ್ನುವವರಿಗೂ, ಬೇಡ ಅನ್ನುವವರಿಗೂ ಇದರಲ್ಲಿ ನ್ಯಾಯ ಸಿಗಲಿಲ್ಲ. ಒಂಬತ್ತು ವರ್ಷ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಕಾದರು. ಸತ್ತ 22 ಜನರ ಮನೆಯವರೂ ಕಾದರು. ಕ್ಷಮಿಸುತ್ತೇನೆ ಅಂತಾದರೂ ಬರೆಯಬಹುದಿತ್ತು. ಅದನ್ನು ನಾನು ಮನಸಾರೆ ಒಪ್ಪುತ್ತಿದ್ದೆ.

ಸುಮ್ನೆ ಕೂರುವುದೆಲ್ಲ ತಪ್ಪು ಅಂತಲೂ ಅಲ್ಲ. ರಾಷ್ಟ್ರಪತಿ ಆಗಿದ್ದ ಜೈಲ್ ಸಿಂಗ್ ಅವರನ್ನು ನೋಡಿ. ಇಂದಿರಾ ಗಾಂಧಿ ಹೇಳಿದರೆ ಪೊರಕೆ ಹಿಡಿಯೋಕೂ ಸಿದ್ಧ ಅಂದಿದ್ದರು ಅಂತ ಅವರನ್ನು ದೇಶವೆಲ್ಲ ಆಡಿಕೊಂಡಿತ್ತು. 1986ರಲ್ಲಿ ಜನರ ಕಾಗದಗಳನ್ನು ಸರ್ಕಾರ ಒಡೆದು ನೋಡಲು ದಾರಿ ಮಾಡುವ ಅಂಚೆ ಮಸೂದೆ ಅವರ ಮುಂದೆ ಬಂತು. ಅವರು ಸಹಿಯೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಮಸೂದೆಗೆ ಇಷ್ಟೇ ದಿನದಲ್ಲಿ ಸಹಿ ಹಾಕಬೇಕು ಅಂತ ಸಂವಿಧಾನದಲ್ಲಿ ಇಲ್ಲ. ಅದು ಕಾನೂನಾಗಲೇ ಇಲ್ಲ. ಗಡಿಯಿಂದ ಮಗ ಬರೆಯುವ ಇನ್‌ಲ್ಯಾಂಡ್ ಲೆಟರಿಗೆ ಕಾದು ಕೂರುತ್ತಿದ್ದ ಊರು ನಮ್ಮದು. ಅದನ್ನು ಯಾರೋ ಒಡೆದು ಓದಿ ಮತ್ತೆ ಅಂಟಿಸುವುದು ಅಂದರೆ ಏನು ಅಂತ ನಮಗೆ ಅರ್ಥವಾಗುತ್ತದೆ. ಅದೇ 1986ರ ಏಪ್ರಿಲ್‌ನಲ್ಲಿ ನಮ್ಮ ಕಾರ್ಯಪ್ಪನವರಿಗೆ ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟವರೂ ಜೈಲ್ ಸಿಂಗ್ ಅವರೇ. ಇಲ್ಲಿನ ಜನಕ್ಕೆ ಆ ಸಮಾರಂಭ ನೆನಪಿದೆ. ಅಂಚೆ ಮಸೂದೆ ನೆನಪಿಲ್ಲ.

ಅಲ್ಲಿ ಕಾದದ್ದು ಸರ್ಕಾರ. ಇಲ್ಲಿ ಕಾದದ್ದು ಗಲ್ಲಿನ ನೆರಳಲ್ಲಿದ್ದವರು ಮತ್ತು ಸತ್ತವರ ಮನೆಯವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ನನಗೆ ಆಗುವುದಿಲ್ಲ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇದು. ಕಲಾಂ ಅವರಷ್ಟು ಪ್ರೀತಿ ಸಂಪಾದಿಸಿದ ರಾಷ್ಟ್ರಪತಿ ಇನ್ನೊಬ್ಬರಿಲ್ಲ. ಆದರೆ ಆ ಹುದ್ದೆಯ ಕೆಲಸದಲ್ಲಿ ನನಗೆ ಕಲಾಂ ಅವರಿಗಿಂತ ನಾರಾಯಣನ್ ಅವರೇ ದೊಡ್ಡವರು. "ಸತ್ತವರ ಬಗ್ಗೆ ಯಾಕೆ ಸರ್" ಅನ್ನುತ್ತಾರೆ. ಅವರ ಸಹಿ ಸತ್ತಿಲ್ಲವಲ್ಲ. ಮುಂದೆ ಆ ಕುರ್ಚಿಯಲ್ಲಿ ಕೂರುವವರು ಅದನ್ನೇ ತೋರಿಸಿ "ಕಲಾಂ ಕೂಡ ಹೀಗೇ ಮಾಡಿದ್ದರು" ಅಂದರೆ ಏನು ಹೇಳುತ್ತೀರಿ?

ಕಳೆದ ತಿಂಗಳು ಸಂತೆಯಲ್ಲಿ ಈ ಪ್ರಶ್ನೆ ಕೇಳಿದವಳು ಅದೇ ಹುಡುಗಿ, ಫೋಟೋದ ಮೂಲೆ ಹಿಡಿದು ನಿಂತಿದ್ದವಳು. ಈಗ ಅವಳೂ ಟೀಚರ್. ಕೈಯಲ್ಲಿ ಸೊಪ್ಪಿನ ಚೀಲ, ನಾಪೋಕ್ಲು ಬಸ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಾನು ಊರಿಗೆ ವಾಪಸ್ ಬಂದ ಮೇಲೆ ನೋಡ್ತೀನಿ ಅಂತ ಅವತ್ತು ಮಾಸ್ಕೋದಿಂದ ಹೇಳಿದ್ರೆ ಸಾಕಿತ್ತಾ ಸರ್?"

"ಸಾಕಿತ್ತು ಕಣಮ್ಮ" ಅಂದೆ.

ಸುಪ್ರೀಂ ಕೋರ್ಟ್ ತೀರ್ಪಿನ ತಾರೀಕು ಇನ್ನೊಂದು ಸಲ ಕೇಳಿ, ಮೊಬೈಲಿನಲ್ಲಿ ಬರೆದುಕೊಂಡು ಬಸ್ ಹತ್ತಿದಳು.