ಕೆಂಪು ಸೀಮೆಸುಣ್ಣ, ನೀಲಿ ಸೀಮೆಸುಣ್ಣ

ಪಿಯುಸಿಯಲ್ಲಿ ನಮಗೆ ಭೌತಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು ಬೇರೆ ಪಾಠಕ್ಕೆಲ್ಲ ಬಿಳಿ ಸೀಮೆಸುಣ್ಣವನ್ನೇ ಬಳಸುತ್ತಿದ್ದರು. ರೋಧಕಗಳ, ಅಂದರೆ ಕರೆಂಟಿನ ಹರಿವಿಗೆ ಅಡ್ಡಿ ಮಾಡುವ ಭಾಗಗಳ, ಲೆಕ್ಕ ಬಂದಾಗ ಮಾತ್ರ ಬಣ್ಣದ ಡಬ್ಬಿ ತರುತ್ತಿದ್ದರು.

ಸೂತ್ರಗಳನ್ನು ಬೇಗ ಮುಗಿಸಿದರು. ಸರಣಿಯಲ್ಲಿದ್ದರೆ, ಅಂದರೆ ಒಂದರ ಹಿಂದೆ ಒಂದಿದ್ದರೆ, ರೋಧಗಳನ್ನು ಕೂಡಿಸಿ; ಸಮಾಂತರದಲ್ಲಿದ್ದರೆ, ಅಂದರೆ ಎಲ್ಲವೂ ಅವೇ ಎರಡು ಬಿಂದುಗಳ ನಡುವೆ ಇದ್ದರೆ, ಅವುಗಳ ವ್ಯುತ್ಕ್ರಮಗಳನ್ನು ಕೂಡಿಸಿ, ಬಂದದ್ದನ್ನು ಮತ್ತೆ ತಿರುಗಿಸಿ. ಇಷ್ಟು ಹತ್ತನೇ ಕ್ಲಾಸಿನಲ್ಲೇ ಆಗಿತ್ತು. ಕಷ್ಟ ಇರುವುದು ಯಾವುದು ಸರಣಿ, ಯಾವುದು ಸಮಾಂತರ ಎಂದು ಗುರುತಿಸುವುದರಲ್ಲಿ, ಅಲ್ವಾ?

ಬೋರ್ಡಿನ ಮೇಲೆ 6 ಓಮ್‌ನ ಮೂರು ರೋಧಕಗಳನ್ನು ಒಂದೇ ಸಾಲಿನಲ್ಲಿ ಬರೆದರು. ಬಿಂದುಗಳು ಎ, ಬಿ, ಸಿ, ಡಿ. ಆಮೇಲೆ ಮೇಲ್ಗಡೆಯಿಂದ ಎ, ಸಿಗಳನ್ನು ಒಂದು ತಂತಿಯಲ್ಲಿ ಸೇರಿಸಿದರು. ಕೆಳಗಡೆಯಿಂದ ಬಿ, ಡಿಗಳಿಗೆ ಇನ್ನೊಂದು. ಎ ಮತ್ತು ಡಿ ನಡುವೆ ರೋಧ ಎಷ್ಟು? ಸಾಲಾಗಿ ಕಾಣುವುದರಿಂದ 18 ಅಂತ ಬಾಯಿಗೆ ಬಂದುಬಿಡುತ್ತದೆ. ಮೇಷ್ಟ್ರು ಕೆಂಪು ಸೀಮೆಸುಣ್ಣ ಹಿಡಿದು ಎಯಿಂದ ತಂತಿಯ ಮೇಲೇ ತೀಡುತ್ತಾ ಸಿ ತನಕ ಹೋದರು. ಬರೀ ತಂತಿಯಾದರೆ ಮುಂದೆ ಹೋಗಬಹುದು, ರೋಧಕ ಸಿಕ್ಕರೆ ಕೈ ನಿಲ್ಲಬೇಕು. ಒಂದೇ ಬಣ್ಣದ ಬಿಂದುಗಳೆಲ್ಲ ಲೆಕ್ಕಕ್ಕೆ ಒಂದೇ ಬಿಂದು. ಬಿಯಿಂದ ಡಿವರೆಗೆ ನೀಲಿ. ಈಗ ನೋಡಿದರೆ ಪ್ರತಿ ರೋಧಕಕ್ಕೂ ಒಂದು ತುದಿ ಕೆಂಪು, ಇನ್ನೊಂದು ನೀಲಿ! ಅಂದರೆ ಮೂರೂ ಸಮಾಂತರ. ಉತ್ತರ 2 ಓಮ್.

“ಚಿತ್ರ ನಂಬಬೇಡ್ರಪ್ಪಾ, ಬಣ್ಣ ನಂಬಿ” ಎಂದರು. ಸರ್ಕಿಟ್ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇವತ್ತಿಗೂ ಕೇಳಿಲ್ಲ.

ಲ್ಯಾಬಿನಲ್ಲೂ ಅದೇ ಬಣ್ಣದ ಯೋಚನೆ. ತಂತಿಯ ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿ, ರೋಧ ಅಳೆಯುವ ಮೀಟರ್ ಬ್ರಿಡ್ಜಿನ ಉದ್ದ ತಂತಿಯ ಮೇಲೆ ಜಾಕಿ ಎಂಬ ಲೋಹದ ಮೊನೆಯನ್ನು ಅಲ್ಲಲ್ಲಿ ಮುಟ್ಟಿಸುತ್ತಾ ಹೋಗುತ್ತಿದ್ದೆವು. ಒಂದು ಕಡೆ, ಸಣ್ಣ ಕರೆಂಟನ್ನೂ ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಅಂದರೆ ಅದರ ಎರಡೂ ತುದಿಗಳಲ್ಲಿ ಒಂದೇ ಪೊಟೆನ್ಷಿಯಲ್ (ವಿದ್ಯುತ್ ಮಟ್ಟ) ಇದೆ, ಎರಡಕ್ಕೂ ಒಂದೇ ಬಣ್ಣ. ನಾಲ್ಕು ರೋಧಕಗಳ ಚೌಕಕ್ಕೆ ನಡುವೆ ಇನ್ನೊಂದನ್ನು ಸೇರಿಸಿದ ವೀಟ್‌ಸ್ಟೋನ್ ಬ್ರಿಡ್ಜ್ ಹೀಗೆ ಸಮತೋಲನದಲ್ಲಿದ್ದರೆ, ಲೆಕ್ಕದಲ್ಲಿ ನಡುವಿನ ರೋಧಕವನ್ನು ಧೈರ್ಯವಾಗಿ ತೆಗೆದುಹಾಕುವುದು ಇದೇ ಕಾರಣಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಘನದ ಲೆಕ್ಕ. ಹನ್ನೆರಡು ಅಂಚಿಗೂ 1 ಓಮ್‌ನ ಒಂದೊಂದು ರೋಧಕ. ಒಂದು ಮೂಲೆಯಿಂದ ಅದಕ್ಕೆ ಪೂರಾ ಎದುರಿನ ಮೂಲೆಗೆ ಎಷ್ಟು? ನೋಡಿದರೆ ತಲೆ ತಿರುಗುತ್ತದೆ. ಆದರೆ ಹೊರಟ ಮೂಲೆಯ ಪಕ್ಕದ ಮೂರೂ ಬಿಂದುಗಳು ಸರಿಸಮ, ಅವಕ್ಕೆ ಹಳದಿ. ಎದುರು ಮೂಲೆಯ ಪಕ್ಕದ ಮೂರಕ್ಕೆ ಹಸಿರು. ಆಗ ಮೊದಲು ಮೂರು, ನಡುವೆ ಆರು, ಕೊನೆಗೆ ಮತ್ತೆ ಮೂರು ರೋಧಕಗಳು ಸಮಾಂತರ. 1/3, 1/6, 1/3 ಕೂಡಿಸಿದರೆ 5/6 ಓಮ್.

ಈಗ ಕಾಲೇಜಿನಲ್ಲಿ ಓದುತ್ತಿರುವವರು ಅದೇ ಘನದಲ್ಲಿ ಒಂದೇ ಅಂಚಿನ ಎರಡು ತುದಿಗಳ ನಡುವಿನ ರೋಧ ಕಂಡುಹಿಡಿಯಿರಿ. 7/12 ಓಮ್ ಬರಬೇಕು.